ಅಮ್ಮನ ಬಿಪಿ, ಮಾಸ್ಟರ ತೋಳು

ಉಪ್ಪು ಎಂಬ ಪದಾರ್ಥದ ಮೇಲೆ ಟೇಲರ್ ಮಾಸ್ಟರಿಗೆ ಎಪ್ಪತ್ತಮೂರು ವರ್ಷಗಳ ಅಖಂಡ ಪ್ರೀತಿಯಿತ್ತು. ಊಟಕ್ಕೆ ಕೂತರೆ ತಟ್ಟೆಗಿಂತ ಮೊದಲು ಉಪ್ಪಿನ ಡಬ್ಬಿ ಬರಬೇಕು. ಬಾಯಿಗಿಡುವ ಮೊದಲೇ ಒಂದು ಚಿಟಿಕೆ ಬೀಳಬೇಕು. (ರುಚಿ ನೋಡಿ ಆಮೇಲೆ ಹಾಕಿಕೊಳ್ಳುವುದು ಅನುಮಾನದ ಪ್ರಾಣಿಗಳ ಲಕ್ಷಣ ಎಂದು ಅವರ ವಾದ.) ಅಂಥ ಮಾಸ್ಟರು ಹೆಂಡತಿ ತೀರಿಕೊಂಡು ಇನ್ನೂ ಎರಡು ವಾರ ತುಂಬಿರಲಿಲ್ಲ, ಒಂದು ಬುಧವಾರ ಸಂಜೆ ತಟ್ಟೆಯ ಮುಂದೆ ಕೂತು, ಡಬ್ಬಿಯನ್ನು ಎರಡೇ ಬೆರಳಿನಿಂದ ದೂರಕ್ಕೆ ತಳ್ಳಿದರು.

"ನಾಳೆಯಿಂದ ನನ್ನ ಊಟಕ್ಕೆ ಉಪ್ಪು ಹಾಕ್ಬೇಡಮ್ಮ."

ಮಗಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಯಾಕಪ್ಪಾ? ಮೈ ಸರಿ ಇಲ್ವಾ?"

"ಮೈಗೇನಾಗಿದೆ, ಗುಂಡುಕಲ್ಲಿದ್ದ ಹಾಗಿದೆ. ನಾಲಿಗೆ ರುಚಿ ಬದಲಾಗಿದೆ ಅಷ್ಟೇ."

"ಎಪ್ಪತ್ತಮೂರು ವರ್ಷಕ್ಕೆ?"

"ಯಾವ ವಯಸ್ಸಲ್ಲಿ ಬದಲಾಗ್ಬೇಕು ಅಂತ ನಿಮ್ಮ ಲೈಬ್ರರಿಯಲ್ಲಿ ಪುಸ್ತಕ ಇದ್ರೆ ತಂದ್ಕೊಡು, ಓದ್ಕೊಂಡು ಬದಲಾಯಿಸ್ಕೋತೀನಿ."

ಮಗಳು ಲೈಬ್ರರಿಯಲ್ಲಿ ಗುಮಾಸ್ತೆ. ಮಾತಿಗೆ ಮಾತು ಕೊಡುವುದರಲ್ಲಿ ತಾಯಿಯನ್ನೇ ಹೋಲುತ್ತಿದ್ದಳು. ಆದರೆ ಅವತ್ತು ಕೊಡಲಿಲ್ಲ. ಸೌಟು ಕೆಳಗಿಟ್ಟು, "ಅಮ್ಮ ಎರಡು ವರ್ಷ ಒಬ್ಳೇ ಸಪ್ಪೆ ಊಟ ಮಾಡಿದ್ಲು. ಒಂದೇ ಒಂದು ದಿನ ನೀನು ಜೊತೆಗೆ..." ಎಂದು ಶುರುಮಾಡಿ ಅಷ್ಟಕ್ಕೇ ಬಿಟ್ಟಳು. ಮಾಸ್ಟರು ತಲೆ ತಗ್ಗಿಸಿ ಉಂಡರು. ಆ ಮಾತು ಅವರಿಗೆ ತಾಕಬೇಕಾದ ಜಾಗಕ್ಕೇ ತಾಕಿತ್ತು.

ಉಪ್ಪು ಬಿಟ್ಟ ಕಾರಣ ಬೇರೆಯೇ ಇತ್ತು. ಅದನ್ನು ಮಗಳಿಗೆ ಹೇಳುವ ಹಾಗಿರಲಿಲ್ಲ. ನಿಮಗೆ ಹೇಳಬಹುದು, ಆದರೆ ಅದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಮಾಸ್ಟರ ಹೆಂಡತಿಗೆ ಹೃದಯ ತಾಳ ತಪ್ಪಿ ಬಡಿಯುವ ಕಾಯಿಲೆ. ತಿಂಗಳಿಗೆ ಎರಡು ಸಲ ದೊಡ್ಡಾಸ್ಪತ್ರೆಗೆ ದಂಡಯಾತ್ರೆ. ಮನೆಯಿರುವುದು ಮೂರನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಇಳಿಯುವುದಕ್ಕೇ ಇಪ್ಪತ್ತು ನಿಮಿಷ, ಆಮೇಲೆ ಎರಡು ಬಸ್ಸು, ಆಮೇಲೆ ಚೀಟಿ ಮಾಡಿಸುವ ಸಾಲು, ಚೀಟಿ ತೋರಿಸುವ ಸಾಲು, ಸುಮ್ಮನೆ ಕೂರುವ ಸಾಲು. ಇಷ್ಟೆಲ್ಲ ಆಗಿ ಡಾಕ್ಟರ ಎದುರು ಸಿಗುತ್ತಿದ್ದದ್ದು ನಾಲ್ಕು ನಿಮಿಷ. "ಹೇಗಿದ್ದೀರಮ್ಮ?" ಎಂದು ಅವರು ಕೇಳಿದರೆ ಆಕೆ, ಅಷ್ಟು ದೊಡ್ಡ ಡಾಕ್ಟರಿಗೆ ಯಾಕೆ ಬೇಜಾರು ಮಾಡಬೇಕೆಂದು, "ಚೆನ್ನಾಗಿದ್ದೀನಿ" ಎಂದುಬಿಡುತ್ತಿದ್ದರು. ಮನೆಗೆ ಬಂದು ಎರಡು ದಿನ ಮಲಗುತ್ತಿದ್ದರು. ಆಸ್ಪತ್ರೆಗೆ ಹೋಗಿಬಂದ ಆಯಾಸ ಕಳೆಯುವಷ್ಟರಲ್ಲಿ ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬಂದಿರುತ್ತಿತ್ತು.

ಒಂದು ಸಲ ಆಸ್ಪತ್ರೆಯ ಮೊಗಸಾಲೆಯಲ್ಲೇ ಕಾಲು ಜಾರಿ ಬಿದ್ದರು. ಅವತ್ತು ಮಗಳು ಹಟ ಹಿಡಿದು ಅದೇ ಆಸ್ಪತ್ರೆಯ ಫೋನ್ ಚಿಕಿತ್ಸೆಗೆ ಹೆಸರು ಬರೆಸಿದಳು. ಬಿಪಿ ನೋಡುವ ಒಂದು ಯಂತ್ರ ಮನೆಗೆ ಬಂತು. ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನರ್ಸಮ್ಮ ವಿಡಿಯೋದಲ್ಲಿ ಮಾತಾಡುತ್ತಾರೆ. ತಿಂಗಳಿಗೊಂದು ಸಲ ಡಾಕ್ಟರು. ತೀರಾ ಅಗತ್ಯವಾದರೆ ಮಾತ್ರ ಆಸ್ಪತ್ರೆಗೆ ಬಂದರಾಯಿತು.

ಮಾಸ್ಟರು ಕೆಂಡವಾದರು. "ಟೇಪು ಮುಟ್ಟಿಸದೆ ಅಂಗಿ ಹೊಲಿದುಕೊಡ್ತೀನಿ ಅನ್ನೋ ಟೇಲರನ್ನ ಯಾರಾದ್ರೂ ನಂಬ್ತಾರಾ? ಮೈ ಮುಟ್ಟದೆ ಔಷಧಿ ಕೊಡ್ತಾರಂತೆ!"

"ನೀವು ಟೇಪು ಹಿಡಿದು ಹೊಲಿದ ಅಂಗೀನೇ ನನಗೆ ಭುಜದಲ್ಲಿ ಬಿಗಿ," ಎಂದರು ಹೆಂಡತಿ. "ಸುಮ್ನಿರಿ."

ಮೊದಲನೆಯ ಬುಧವಾರ ಆಕೆ ಹತ್ತು ಗಂಟೆಗೇ ತಲೆ ಬಾಚಿಕೊಂಡು, ನೀಲಿ ಸ್ವೆಟರು ಹಾಕಿಕೊಂಡು, ಮಂಚದ ಮೇಲೆ ಕೂತರು. ಫೋನು ಹಿಡಿಯುವ ಘನಕಾರ್ಯ ಮಾಸ್ಟರಿಗೆ ಬಂತು. ಅವರು ಹಿಡಿದ ವೈಖರಿಗೆ ನರ್ಸಮ್ಮನಿಗೆ ಮೊದಲು ಕಂಡದ್ದು ಫ್ಯಾನು, ಆಮೇಲೆ ಬಾಗಿಲ ಚಿಲಕ.

"ಮಾಸ್ಟರ್, ಈಗ ನನಗೆ ನಿಮ್ಮ ಮೂಗಿನ ಹೊಳ್ಳೆ ಕಾಣ್ತಿದೆ. ಅಮ್ಮನ್ನ ತೋರಿಸ್ತೀರಾ?"

ಅಂತೂ ಅಮ್ಮ ಕಂಡರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ತೋರಿಸಿ ಎಂದರು ನರ್ಸಮ್ಮ. ಮಾಸ್ಟರು ಹರಡಿದರು. ಎರಡು ನಿಮಿಷ ನೋಡಿ, "ಆ ಹಸಿರು ಪಟ್ಟಿ ಮತ್ತೆ ಈ ಬಿಳಿ ಪಟ್ಟಿ, ಎರಡೂ ಒಂದೇ ಔಷಧಿ. ಹೆಸರು ಬೇರೆ ಅಷ್ಟೇ. ಇಬ್ಬರು ಡಾಕ್ಟ್ರು ಬರೆದಿದ್ದಾರೆ, ಅಮ್ಮ ಎರಡನ್ನೂ ನುಂಗ್ತಿದ್ದಾರೆ" ಎಂದರು. ಅವತ್ತೇ ಡಾಕ್ಟರನ್ನು ಕೇಳಿ ಒಂದನ್ನು ನಿಲ್ಲಿಸಿದರು. ಆರು ವರ್ಷದಿಂದ ಬಿಡದೆ ಕಾಡುತ್ತಿದ್ದ ತಲೆಸುತ್ತು ವಾರದಲ್ಲಿ ಹೋಯಿತು. ಇಷ್ಟು ವರ್ಷ ಆಸ್ಪತ್ರೆಗೆ ಚೀಟಿಗಳು ಹೋಗಿದ್ದವೇ ಹೊರತು ಮಾತ್ರೆಯ ಚೀಲ ಹೋಗಿರಲಿಲ್ಲ. ಈಗ ಆಸ್ಪತ್ರೆಯೇ ಚೀಲದ ಹತ್ತಿರ ಬಂದಿತ್ತು. ಮಾಸ್ಟರು ಸೋಲೊಪ್ಪಿಕೊಳ್ಳಲಿಲ್ಲ. "ಕುರುಡು ಅದೃಷ್ಟ" ಎಂದರು. ಮುಂದಿನ ಬುಧವಾರ ಹತ್ತೂವರೆಗೇ ಫೋನು ಹಿಡಿದು ಕೂತಿದ್ದರು.

ತಮ್ಮ ಮಂಚದ ಮೇಲೆ ತಾವು ಕೂತ ಧೈರ್ಯಕ್ಕೋ ಏನೋ, ಡಾಕ್ಟರ ಎದುರು ಬಾಯಿ ಬಿಡದ ಆಕೆ ನರ್ಸಮ್ಮನಿಗೆ ಎಲ್ಲ ಹೇಳುತ್ತಿದ್ದರು. ಮೂರು ದಿಂಬಿಲ್ಲದೆ ನಿದ್ದೆ ಬರದಿರುವುದು, ಸಂಜೆಗೆ ಪಾದ ಊದುವುದು, ಗಂಡ ಗುಂಡಿಯನ್ನು ಓರೆಯಾಗಿ ಹೊಲಿಯುವುದು. ಪಾದ ಊದುವುದಕ್ಕೆ ನರ್ಸಮ್ಮ ಉಪ್ಪು ಬಿಡಿಸಿದರು. ಅಡುಗೆಮನೆಯಲ್ಲಿ ಎರಡು ಪಾತ್ರೆಗಳಾದವು, ಒಂದು ಸಪ್ಪೆ, ಒಂದು ಉಪ್ಪಿನದು. "ನೀವೂ ಅಮ್ಮನ ಜೊತೆ ಸಪ್ಪೆ ಊಟ ಮಾಡಿದ್ರೆ ಅವರಿಗೆ ಸುಲಭ ಆಗುತ್ತೆ ಮಾಸ್ಟರ್" ಎಂದಿದ್ದಕ್ಕೆ ಮಾಸ್ಟರು, "ಹೃದಯ ಅವಳದು ತಾಳ ತಪ್ಪಿದ್ರೆ ನಾಲಿಗೆ ನಂದ್ಯಾಕೆ ಜೈಲಿಗೆ ಹೋಗ್ಬೇಕು?" ಎಂದಿದ್ದರು. ನರ್ಸಮ್ಮ ನಕ್ಕರು, ಹೆಂಡತಿಯೂ ನಕ್ಕರು. ಮಾಸ್ಟರು ಅದನ್ನು ಕೆಳಗಿನ ಇಸ್ತ್ರಿ ಅಂಗಡಿಯವನಿಗೂ ಹೇಳಿ ನಗಿಸಿದರು. ಈಗ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಇನ್ನು ಆ ಯಂತ್ರದ ಪಟ್ಟಿಯ ವಿಷಯ. ತೋಳಿಗೆ ಸುತ್ತಿ ಗಾಳಿ ತುಂಬುವ ಆ ಬಟ್ಟೆಯ ಪಟ್ಟಿ ಆಕೆಯ ತೋಳಿಗೆ ದೊಗಳೆಯಾಗುತ್ತಿತ್ತು. ಕಾಯಿಲೆಗೆ ತೋಳು ಅಷ್ಟು ಇಳಿದುಹೋಗಿತ್ತು. ಪಟ್ಟಿ ಜಾರುವುದು, ಯಂತ್ರ ಕೂಗಿಕೊಳ್ಳುವುದು, ಮತ್ತೆ ಕಟ್ಟುವುದು. ನಲವತ್ತಾರು ವರ್ಷ ಊರಿನ ತೋಳುಗಳನ್ನೆಲ್ಲ ಅಳೆದ ಮನುಷ್ಯನಿಗೆ ಇದು ಸಹ್ಯವಾಗಲಿಲ್ಲ. ಒಂದು ಮಧ್ಯಾಹ್ನ ಟೇಪು ತಂದು ಹೆಂಡತಿಯ ತೋಳು ಅಳೆದರು. ಎಂಟೂಕಾಲು ಇಂಚು. ಮದುವೆಯ ವರ್ಷ ಹನ್ನೊಂದಿತ್ತು. ಏನೂ ಮಾತಾಡದೆ ಪಟ್ಟಿಯೊಳಗಿನ ರಬ್ಬರ್ ಚೀಲವನ್ನು ಮಡಿಸಿ, ಅದಕ್ಕೆ ಸೂಜಿ ತಾಗದಂತೆ ಮೇಲಿನ ಬಟ್ಟೆಗೆ ಎರಡು ಇಂಚಿನ ಮಡಿಕೆ ಹಿಡಿದು ಕೈಹೊಲಿಗೆ ಹಾಕಿದರು. ತೋಳಿಗೆ ಅಚ್ಚು ಹೊಯ್ದಂತೆ ಕೂತಿತು.

"ಜೀವಮಾನದಲ್ಲಿ ಇದೊಂದು ಸರಿಯಾಗಿ ಹೊಲಿದ್ರಿ ನೋಡಿ," ಎಂದರು ಹೆಂಡತಿ, ತೋಳು ತಿರುಗಿಸಿ ನೋಡಿಕೊಂಡು.

ಅಲ್ಲಿಂದ ಪ್ರತಿ ಬುಧವಾರ ಮಾಸ್ಟರು ಯಂತ್ರ ನೋಡಿ ಲೆಕ್ಕ ಒಪ್ಪಿಸುವವರು. ಮೇಲಿನ ಅಂಕಿ, ಕೆಳಗಿನ ಅಂಕಿ, ನಾಡಿ. ಕೊನೆಗೆ, ಬಡಿತ ತಾಳ ತಪ್ಪಿದೆ ಎಂದು ತೋರಿಸಲು ಮೂಲೆಯಲ್ಲಿ ಮಿನುಗುವ ಪುಟ್ಟ ಗುರುತು ನೋಡಿ, "ದೀಪ ಮಿಣುಕ್ತಿದೆ ಸಿಸ್ಟರ್" ಎನ್ನುತ್ತಿದ್ದರು. "ಮಿಣುಕ್ಲಿ ಬಿಡಿ, ಅದು ಅಮ್ಮನ ಹಾಜರಿ" ಎನ್ನುತ್ತಿದ್ದರು ನರ್ಸಮ್ಮ. ಹೀಗೆ ಎರಡು ವರ್ಷ. ಆ ಎರಡು ವರ್ಷದಲ್ಲಿ ಆಕೆ ಮೂರು ಮಹಡಿ ಇಳಿದದ್ದು ಎರಡೇ ಸಲ. ಒಂದು ದಿನ ತಾವೇ ಎದ್ದು ಕಿಟಕಿಯ ಗಿಡಕ್ಕೆ ನೀರು ಹಾಕಿ, ಅದು ಕೆಳಗೆ ಸುರಿದು ಬೀದಿಯವರಿಂದ ಬೈಸಿಕೊಂಡರು. ಮಾಸ್ಟರಿಗೆ ಅದೆಷ್ಟು ಸಂತೋಷವಾಗಿತ್ತೆಂದರೆ ಬೈದವರಿಗೆ ಥ್ಯಾಂಕ್ಸ್ ಹೇಳಿದ್ದರು.

ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ. ಊಟವಾಗಿತ್ತು. ಆಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮಾಸ್ಟರು ಎದುರಿಗೆ ಕೂತು ಮಗಳ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು.

"ಓರೆಯಾಗಿದೆ," ಎಂದರು ಆಕೆ.

"ನಿನ್ನ ಕಣ್ಣೇ ಓರೆ," ಎಂದರು ಮಾಸ್ಟರು.

ಉತ್ತರ ಬರಲಿಲ್ಲ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಕೊನೆಯ ಮಾತು ತಮ್ಮದಾದದ್ದು ಇದೇ ಮೊದಲು ಎಂದು ಮಾಸ್ಟರು ಒಳಗೊಳಗೇ ಹಿಗ್ಗಿದರು. ಗೆದ್ದ ಹುರುಪಿನಲ್ಲಿ ಇನ್ನೂ ಎರಡು ಗುಂಡಿ ಹೊಲಿದರು. ಆಮೇಲೆ ತಲೆಯೆತ್ತಿ ನೋಡಿದರು.

ಆಕೆ ಹೋದ ಮೇಲಿನ ಮೊದಲನೆಯ ಬುಧವಾರ ಫೋನು ಬಂದಾಗ ಮನೆ ತುಂಬ ನೆಂಟರು, ಯಾರೂ ಎತ್ತಲಿಲ್ಲ. "ಆಸ್ಪತ್ರೆಯವರಿಗೆ ತಿಳಿಸ್ಬೇಕಪ್ಪಾ" ಎಂದಳು ಮಗಳು. "ನಾನೇ ತಿಳಿಸ್ತೀನಿ" ಎಂದರು ಮಾಸ್ಟರು. ಎರಡನೆಯ ಬುಧವಾರ ನೆಂಟರು ಹೋಗಿದ್ದರು, ಮಗಳು ಕೆಲಸಕ್ಕೆ ಹೋಗಿದ್ದಳು. ಹನ್ನೊಂದಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ತಿಳಿಸಿಯೇಬಿಡೋಣ ಎಂದು ಮಾಸ್ಟರು ಎತ್ತಿದರು. ಎಂದಿನಂತೆ ಫ್ಯಾನಿನ ಕಡೆ ಹಿಡಿದಿದ್ದರು.

"ಮಾಸ್ಟರ್, ಹೋದ ವಾರ ಸಿಗ್ಲೇ ಇಲ್ಲ ನೀವು! ಅಮ್ಮ ಹೇಗಿದ್ದಾರೆ? ಬೆಳಿಗ್ಗೆ ತಿಂಡಿ ತಿಂದ್ರಾ?"

ಹನ್ನೆರಡು ದಿನದಿಂದ ಮಾಸ್ಟರು ಬೇಕಾದಷ್ಟು ಮಾತು ಕೇಳಿದ್ದರು. ಪುಣ್ಯವಂತೆ, ಸುಖವಾಗಿ ಹೋದಳು, ಒಳ್ಳೆಯ ಸಾವು. ಎಲ್ಲರೂ ಆಕೆಯನ್ನು ಮುಗಿಸಿಬಿಟ್ಟಿದ್ದರು. ಆಕೆ ಬೆಳಿಗ್ಗೆ ತಿಂಡಿ ತಿಂದರಾ ಎಂದು ಕೇಳಿದವರು ಇಡೀ ಜಗತ್ತಿನಲ್ಲಿ ಇವರೊಬ್ಬರೇ. ಹೇಳಬೇಕಾದ ಮಾತು ಗಂಟಲವರೆಗೆ ಬಂದು, ಅಲ್ಲಿಂದ ಬೇರೆ ವೇಷ ಹಾಕಿಕೊಂಡು ಹೊರಬಿತ್ತು.

"ತಿಂದ್ಲು ಸಿಸ್ಟರ್. ಈಗ ಸ್ವಲ್ಪ ಮಲಗಿದ್ದಾಳೆ."

"ಎಬ್ಬಿಸೋದು ಬೇಡ. ಮಲಗಿದ್ದ ಹಾಗೇ ಬಿಪಿ ನೋಡಿ ಹೇಳಿಬಿಡಿ."

ಈಗೇನು ಮಾಡುವುದು? ಮಾಸ್ಟರು ಬೇರೆ ದಾರಿ ಕಾಣದೆ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿದರು. ಇಸ್ತ್ರಿಪೆಟ್ಟಿಗೆ ಎತ್ತಿ ಇಳಿಸಿ ಹದವಾದ ದಪ್ಪ ತೋಳು. ಪಟ್ಟಿಯ ಅಂಟು ಕೊನೆ ಅಷ್ಟಿಷ್ಟು ಕಚ್ಚಿಕೊಂಡಿತು. ಗಾಳಿ ತುಂಬಿದಾಗ ಪ್ರಾಣ ಹೋದ ಹಾಗಾಯಿತು. ಅಂಕಿ ಬಂತು: ನೂರ ಅರವತ್ತೆಂಟು, ತೊಂಬತ್ತೆಂಟು.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಸುಳ್ಳು ಹೇಳಲು ಕೂತವರು ಬಾಯಿಗೆ ಬಂದ ಒಳ್ಳೆಯ ಅಂಕಿ ಹೇಳಿದರಾಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಹೆಂಡತಿ ಬದುಕಿದ್ದಾಳೆ ಎಂದು ಹೇಳಿದ ಬಾಯಿಗೆ, ಅಳತೆಯಲ್ಲಿ ಅರ್ಧ ಇಂಚು ಸುಳ್ಳು ಹೇಳುವುದು ಬರುತ್ತಿರಲಿಲ್ಲ. ವೃತ್ತಿಧರ್ಮ ಅಡ್ಡ ಬಂತು. ಮಾಸ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಇನ್ನೊಂದ್ಸಲ ನೋಡಿ." ನೋಡಿದರು, ಅಷ್ಟೇ. "ನಾಡಿ?" "ಎಪ್ಪತ್ತಾರು." "ಬೇರೇನೂ ಕಾಣಿಸ್ತಿಲ್ವಾ ಯಂತ್ರದಲ್ಲಿ?" "ಇಲ್ಲ ಸಿಸ್ಟರ್."

ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಮಾಸ್ಟರು ಫೋನನ್ನು ಕೊಡವಿದರು.

"ಮಾಸ್ಟರ್," ಎಂದರು ನರ್ಸಮ್ಮ ನಿಧಾನವಾಗಿ, "ಇದು ಜಾಸ್ತಿ ಇದೆ. ಉಪ್ಪು ಪೂರ್ತಿ ನಿಲ್ಲಿಸಿ. ದಿನಾ ಅರ್ಧ ಗಂಟೆ ನಡೀಬೇಕು. ನೂರ ಎಪ್ಪತ್ತು ದಾಟಿದ್ರೆ ನಾವು ಮನೆಗೇ ಗಾಡಿ ಕಳಿಸ್ತೀವಿ, ಬಂದು ತೋರಿಸ್ಲೇಬೇಕು."

ಗಾಡಿ! ಮಾಸ್ಟರ ಕಣ್ಣ ಮುಂದೆ ಕಟ್ಟಿತು: ಇಬ್ಬರು ಸ್ಟ್ರೆಚರ್ ಹಿಡಿದು ಮೂರು ಮಹಡಿ ಹತ್ತಿ ಬಂದು, "ಎಲ್ರೀ ಅಮ್ಮ?" ಎಂದು ಕೇಳುವುದು. ಅಷ್ಟಾದರೆ ನರ್ಸಮ್ಮನ ಪುಸ್ತಕದಿಂದ ಆಕೆಯ ಹೆಸರು ಹೊಡೆದುಹಾಕುತ್ತಾರೆ. ಆಕೆ ಇನ್ನೂ ತಿಂಡಿ ತಿನ್ನುತ್ತಿರುವ, ಇನ್ನೂ ಮಲಗಿ ಏಳುತ್ತಿರುವ ಒಂದೇ ಒಂದು ಜಾಗ ಅದು. ಅದು ಉಳಿಯಬೇಕಾದರೆ ಬಿಪಿ ಇಳಿಯಬೇಕು. ಬಿಪಿ ಇಳಿಯಬೇಕಾದರೆ ತೋಳಿನ ಮಾಲೀಕರು ಉಪ್ಪು ಬಿಡಬೇಕು. ಆ ಸಂಜೆ ಡಬ್ಬಿ ದೂರ ಹೋದದ್ದು ಹೀಗೆ.

ಅಲ್ಲಿಂದ ಶುರುವಾಯಿತು ಮಾಸ್ಟರ ತಪಸ್ಸು. ಬೆಳಿಗ್ಗೆ ಆರಕ್ಕೆ ಪಾರ್ಕಿಗೆ. ಬೇಗ ಬೇಗ ನಡೆದರೆ ಹೆಂಡತಿಯ ಹೆಸರಿನಲ್ಲಿ ನಡೆದ ಹಾಗಾಗುವುದಿಲ್ಲವೆಂದು ಆಕೆಯ ಹಾಗೆಯೇ ನಿಧಾನಕ್ಕೆ, ಪ್ರತಿ ಬೆಂಚಿನ ಹತ್ತಿರ ನಿಂತು ನಿಂತು. ಪಕ್ಕದಲ್ಲಿ ಓಡುವವರು "ತಾತ, ಸೊಂಟ ನೋವಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಸಪ್ಪೆ ಬೇಳೆ, ಸಪ್ಪೆ ತರಕಾರಿ. ಮೊದಲನೆಯ ವಾರ ಪ್ರತಿ ತುತ್ತಿಗೂ ಕಣ್ಣಲ್ಲಿ ನೀರು ಬಂತು. ಅದರಲ್ಲಿ ರುಚಿಯದೆಷ್ಟು, ನೆನಪಿನದೆಷ್ಟು ಎಂದು ಅವರು ಬೇರ್ಪಡಿಸಲು ಹೋಗಲಿಲ್ಲ.

ಎರಡನೆಯ ವಾರದಿಂದ ಮಗಳು ಯಾಕೆ ಏನು ಎಂದು ಕೇಳುವುದನ್ನೂ ಬಿಟ್ಟಳು. ಸುಮ್ಮನೆ ಸಪ್ಪೆ ಮಾಡಿ ಬಡಿಸುತ್ತಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡರು ಮಾಸ್ಟರು.

ಬುಧವಾರದ ಮಾತು ಮಾತ್ರ ವಾರದಿಂದ ವಾರಕ್ಕೆ ರಂಗೇರಿತು. ಮೊದಮೊದಲು ಆಕೆ ಮಲಗಿರುತ್ತಿದ್ದರು. ಆಮೇಲೆ ಸ್ನಾನಕ್ಕೆ ಹೋಗಿರುತ್ತಿದ್ದರು. ಐದನೆಯ ವಾರಕ್ಕೆ ಬಟ್ಟೆ ಒಣಗಿಸುತ್ತಿದ್ದರು. "ಏನಂತಾರೆ ಅಮ್ಮ?" ಎಂದರೆ ಮಾಸ್ಟರು ಹಳೆಯ ಜಗಳಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು, ಇಸ್ತ್ರಿ ಮಾಡಿ, ಹೊಸದೆಂಬಂತೆ ಒಪ್ಪಿಸುತ್ತಿದ್ದರು.

"ಬೆಳಿಗ್ಗೆ ಎದ್ದವಳೇ ಶುರು ಹಚ್ಕೊಂಡಿದ್ದಾಳೆ ಸಿಸ್ಟರ್. ಟವೆಲ್ ಒದ್ದೆ ಇರೋ ಹಾಗೇ ಕುರ್ಚಿ ಮೇಲೆ ಹಾಕ್ದೆ ಅಂತ."

"ಹಾಕಿದ್ರಾ?"

"ಹಾಕಿದ್ದೆ."

"ಹಾಗಿದ್ರೆ ತಪ್ಪು ನಿಮ್ದೇ."

"ಅವಳೂ ಹಾಗೇ ಅಂತಾಳೆ." ಹೇಳಿ ಮಾಸ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು. ಫೋನು ಫ್ಯಾನನ್ನು ತೋರಿಸುತ್ತಿದ್ದುದರಿಂದ ತೊಂದರೆಯಿರಲಿಲ್ಲ.

ಎಂಟನೆಯ ವಾರ ಮಾಸ್ಟರ ಹೆಂಡತಿ ಪಾರ್ಕಿನಲ್ಲಿ ಮೂರು ಸುತ್ತು ಹಾಕಿದರು. ಒಂಬತ್ತನೆಯ ವಾರ ಯಾರ ಕೈಯೂ ಹಿಡಿಯದೆ ಮೂರು ಮಹಡಿ ಹತ್ತಿದರು. "ಅಮ್ಮನಾ? ಮೂರು ಮಹಡಿನಾ?" ಎಂದು ನರ್ಸಮ್ಮ ಕೇಳಿದಾಗ ಮಾಸ್ಟರು, "ಮಧ್ಯೆ ಒಂದ್ಸಲ ನಿಂತ್ಲು" ಎಂದು ತಿದ್ದಿದರು, ಅಳತೆ ಸರಿಯಿರಲಿ ಎಂದು. ಬದುಕಿದ್ದಾಗ ಗುಣಪಡಿಸಲಾಗದ ಹೆಂಡತಿಯನ್ನು ಮಾಸ್ಟರು ವಾರಕ್ಕಿಷ್ಟಿಷ್ಟು ಗುಣಪಡಿಸುತ್ತಿದ್ದರು.

ಆದರೆ ಬಿಪಿಗೆ ಈ ಪ್ರಗತಿ ತಿಳಿದಿರಲಿಲ್ಲ. ನೂರ ಅರವತ್ತೆಂಟು ನೂರ ಐವತ್ತೆಂಟಕ್ಕೆ ಬಂದು ಅಲ್ಲೇ ಪಟ್ಟು ಹಿಡಿದು ಕೂತಿತು. ಹನ್ನೊಂದನೆಯ ವಾರ ನರ್ಸಮ್ಮ ಹೇಳಿದರು: "ಮಾಸ್ಟರ್, ಇಷ್ಟು ಪಥ್ಯ ಮಾಡಿದ್ರೂ ಇಳೀತಿಲ್ಲ ಅಂದ್ರೆ ಪಟ್ಟಿ ಕಟ್ಟೋದ್ರಲ್ಲೇ ಏನೋ ಎಡವಟ್ಟಿದೆ. ಮುಂದಿನ ಬುಧವಾರ ಪಟ್ಟಿ ಕಟ್ಟಿದ ತೋಳು ತೋರಿಸಿ. ಮುಖ ಬೇಡ, ತೋಳು ಸಾಕು."

ಮಾಸ್ಟರಿಗೆ ಆ ವಾರ ಅನ್ನ ಇಳಿಯಲಿಲ್ಲ. ಹೆಂಡತಿಯ ತೋಳು ಎಲ್ಲಿಂದ ತರುವುದು? ಇದ್ದದ್ದು ಎರಡು, ಎರಡೂ ತಮ್ಮವೇ. ಬುಧವಾರ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಎಡಗೈಗೆ ಸೋಪು ಹಚ್ಚಿ, ಭುಜದಿಂದ ಮಣಿಕಟ್ಟಿನವರೆಗೆ ನುಣ್ಣಗೆ ಕ್ಷೌರ ಮಾಡಿದರು. ಅಭ್ಯಾಸವಿಲ್ಲದ ಜಾಗ; ಎರಡು ಕಡೆ ಗಾಯವಾಯಿತು.

"ಕೈಗೇನಾಯ್ತಪ್ಪಾ?" ಎಂದಳು ಕೆಲಸಕ್ಕೆ ಹೊರಟ ಮಗಳು.

"ಸೆಖೆ."

"ಒಂದೇ ಕೈಗಾ?"

"ಇನ್ನೊಂದಕ್ಕೆ ನಾಳೆ ಆಗುತ್ತೆ. ನೀನು ಹೊರಡು, ಬಸ್ಸು ತಪ್ಪುತ್ತೆ."

ಆಮೇಲೆ ಹೆಂಡತಿಯ ನೀಲಿ ಸ್ವೆಟರು ತೆಗೆದರು. ಅದರ ತೋಳು ತೊಟ್ಟು ಮೇಲಕ್ಕೆ ಮಡಚಿದರೆ ನಂಬಿಕೆ ಬರಬಹುದು. ಮೊಣಕೈವರೆಗೆ ಹೋಗಿ ನಿಂತಿತು. ಬಗಲಿನ ಹೊಲಿಗೆಯನ್ನು ಎರಡು ಬೆರಳು ಬಿಚ್ಚಿದರೆ ಸಲೀಸಾಗಿ ಹಿಡಿಯುತ್ತಿತ್ತು, ಒಂದು ನಿಮಿಷದ ಕೆಲಸ. ಮಾಸ್ಟರು ಬ್ಲೇಡು ಕೈಗೆ ತೆಗೆದುಕೊಂಡು, ನೋಡಿ, ಕೆಳಗಿಟ್ಟರು. ಸ್ವೆಟರನ್ನು ಮಡಚಿ ಮತ್ತೆ ಒಳಗಿಟ್ಟು ಬರೀ ತೋಳಿನಲ್ಲೇ ಕೂತರು.

ಹನ್ನೊಂದು ಹೊಡೆಯಿತು. ಫೋನನ್ನು ಈ ಬಾರಿ ಲೋಟಕ್ಕೆ ಒರಗಿಸಿ, ತೋಳು ಮಾತ್ರ ಮುಂದೆ ಚಾಚಿದರು. ನುಣ್ಣಗಿನ, ದಪ್ಪ, ಎರಡು ಕಡೆ ಹತ್ತಿ ಅಂಟಿಸಿಕೊಂಡ ತೋಳು. ಅದರ ಮೇಲೆ ಉಸಿರುಗಟ್ಟಿ ಕೂತ ಪಟ್ಟಿ.

ನರ್ಸಮ್ಮ ನಗಲಿಲ್ಲ. "ಮಾಸ್ಟರ್, ನೋವಾಗ್ತಿಲ್ವಾ? ಅಷ್ಟು ಬಿಗಿ ಇದೆಯಲ್ಲ," ಎಂದರು.

ಬೈದಿದ್ದರೆ ಮಾಸ್ಟರು ಇನ್ನೊಂದು ಸುಳ್ಳು ಹೇಳುತ್ತಿದ್ದರೋ ಏನೋ. ನೋವಾಗುತ್ತಿಲ್ಲವಾ ಎಂದು ಕೇಳಿದ್ದಕ್ಕೆ ಹನ್ನೊಂದು ವಾರದ ಕಟ್ಟೆ ಒಡೆಯಿತು. ಎಪ್ಪತ್ತಮೂರರ ಮಾಸ್ಟರು ಕ್ಷೌರ ಮಾಡಿದ ತೋಳಿಗೆ ಮುಖವಿಟ್ಟು ಅತ್ತರು. "ಅವಳಿಲ್ಲ ಸಿಸ್ಟರ್. ಅವಳು ಹೋಗಿಬಿಟ್ಲು. ನಾನು ನಿಮಗೆ ಮೋಸ ಮಾಡ್ದೆ."

"ಮೋಸ ಆಗ್ಬೇಕಾದ್ರೆ ನನಗೆ ಗೊತ್ತಿರಬಾರದಿತ್ತು ಮಾಸ್ಟರ್. ನನಗೆ ಮೊದಲನೇ ದಿನವೇ ಗೊತ್ತಾಯ್ತು."

ಮಾಸ್ಟರು ತಲೆಯೆತ್ತಿದರು.

"ಎರಡು ವರ್ಷದಲ್ಲಿ ಒಂದು ವಾರವೂ ಅಮ್ಮನ ನಾಡಿ ಸರಿಯಾಗಿ ಬಡೀಲಿಲ್ಲ. ಪ್ರತಿ ಬುಧವಾರ ದೀಪ ಮಿಣುಕ್ತಿದೆ ಅಂತ ನೀವೇ ಹೇಳ್ತಿದ್ರಿ. ಅವತ್ತು ಹೇಳ್ಲಿಲ್ಲ. ಕೇಳ್ದೆ, ಇಲ್ಲ ಅಂದ್ರಿ. ಇದು ಅಮ್ಮನ ತೋಳಲ್ಲ ಅಂತ ಗೊತ್ತಾಯ್ತು. ಮಾರನೇ ವಾರ ಮಗಳಿಗೆ ಫೋನ್ ಮಾಡಿ ಕೇಳ್ದೆ."

"ಅವಳಿಗೂ ಗೊತ್ತಾ!"

"ಗೊತ್ತು. ನಿಮ್ಮ ಹೆಸರಲ್ಲಿ ಫೈಲು ಬರೆಸಿದ್ದೇ ಅವರು. ಅದರಲ್ಲೇ ನಿಮ್ಮ ಅಂಕಿ ಬರೀತಿದ್ದೆ, ಡಾಕ್ಟ್ರಿಗೂ ತೋರಿಸ್ತಿದ್ದೆ. ನಿಮಗೆ ಹೇಳಿಬಿಟ್ರೆ ಬುಧವಾರ ಫೋನ್ ಎತ್ತೋದನ್ನೇ ಬಿಟ್ಬಿಡ್ತೀರಿ ಅನ್ನೋ ಭಯ ಇಬ್ಬರಿಗೂ ಇತ್ತು. ಅದಕ್ಕೇ ಅಮ್ಮನಿಗೆ ಹೇಳಿದ ಹಾಗೆ ನಿಮಗೇ ಪಥ್ಯ ಹೇಳ್ತಿದ್ದೆ. ಬಿಪಿ ಅಷ್ಟಿದ್ರೂ ಅಮ್ಮನ ಮಾತ್ರೆ ಮಾತ್ರ ಬದಲಾಯಿಸ್ಲಿಲ್ಲ, ಗಮನಿಸಿದ್ರಾ?"

ಮಾಸ್ಟರು ಗಮನಿಸಿರಲಿಲ್ಲ. ಇಷ್ಟು ದಿನ ಮೂವರ ನಾಟಕದಲ್ಲಿ ತಾವೇ ಸೂತ್ರಧಾರ ಎಂದುಕೊಂಡಿದ್ದವರಿಗೆ, ಕಥೆ ಗೊತ್ತಿಲ್ಲದವರು ತಾವೊಬ್ಬರೇ ಎಂದು ಈಗ ತಿಳಿಯಿತು.

"ಅದಿರ್ಲಿ, ಆ ಪಟ್ಟಿ ಯಾಕೆ ಅಷ್ಟು ಚಿಕ್ಕದಾಗಿದೆ? ನಾವು ಕೊಟ್ಟಿದ್ದು ಅಷ್ಟಿರ್ಲಿಲ್ಲ."

ಮಾಸ್ಟರು ಮಡಿಕೆಯ ವೃತ್ತಾಂತ ಹೇಳಿದರು. ನರ್ಸಮ್ಮ ಹಣೆ ಚಚ್ಚಿಕೊಂಡರು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಯಂತ್ರ ಇಲ್ಲದ ಬಿಪಿಯನ್ನೂ ತೋರಿಸುತ್ತದಂತೆ. "ಅದನ್ನ ಬಿಚ್ಚಿ ಮಾಸ್ಟರ್. ನಾನು ಕಾಯ್ತೀನಿ."

ನಲವತ್ತಾರು ವರ್ಷದಲ್ಲಿ ಮಾಸ್ಟರು ಬಿಚ್ಚಿದ ಹೊಲಿಗೆಗೆ ಲೆಕ್ಕವಿಲ್ಲ. ದಪ್ಪಗಾದವರಿಗೆ ಬಿಚ್ಚಿದ್ದಾರೆ, ಬೆಳೆದ ಮಕ್ಕಳಿಗೆ ಬಿಚ್ಚಿದ್ದಾರೆ, ಕೈ ಅದರ ಪಾಡಿಗೆ ಕೆಲಸ ಮಾಡುತ್ತಿತ್ತು. ಅವತ್ತು ಬ್ಲೇಡಿನ ತುದಿ ಮೊದಲನೆಯ ಹೊಲಿಗೆಯ ಕೆಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಎಂಟೂಕಾಲು ಇಂಚು. ಆಕೆಯ ಅಳತೆ ಈ ಮನೆಯಲ್ಲಿ ಉಳಿದದ್ದು ಈ ಮಡಿಕೆಯಲ್ಲೇ. ಒಂದೊಂದೇ ದಾರ ಕಿತ್ತು ಮೇಜಿನ ಮೇಲಿಟ್ಟರು. ಆ ಕಡೆ ನರ್ಸಮ್ಮ ಕಾಯುತ್ತಿದ್ದರು. ಬೇಗ ಎನ್ನಲಿಲ್ಲ.

ಪಟ್ಟಿ ಅಗಲವಾಯಿತು. ಸುತ್ತಿದರು. ನೂರ ಇಪ್ಪತ್ತಾರು, ಎಪ್ಪತ್ತೆಂಟು.

"ಮಾಸ್ಟರ್, ನಿಮಗೆ ಬಿಪಿನೇ ಇಲ್ಲ! ಬಹುಶಃ ಮೊದಲಿಂದಲೂ ಇರ್ಲಿಲ್ಲ. ಕಲ್ಲಿನ ಹಾಗಿದ್ದೀರಿ."

ಹನ್ನೊಂದು ವಾರ ಸಪ್ಪೆ ತಿಂದು, ಪಾರ್ಕು ಸುತ್ತಿ, ಕೈ ಕೊಯ್ದುಕೊಂಡು ಗಳಿಸಿದ್ದು ಇಲ್ಲದ ಕಾಯಿಲೆಯಿಂದ ಬಿಡುಗಡೆ! ಆದರೆ ಮಾಸ್ಟರಿಗೆ ಹೊಳೆದದ್ದು ಬೇರೆ. ಮುಖ ಸಣ್ಣದಾಯಿತು. "ಹಾಗಿದ್ರೆ... ಮುಂದಿನ ಬುಧವಾರ?"

"ಆರೋಗ್ಯವಾಗಿರೋ ಹಿರಿಯರಿಗೆ ಮೂರು ತಿಂಗಳಿಗೊಂದ್ಸಲ ಮಾಸ್ಟರ್. ಮಧ್ಯೆ ಏನಾದ್ರೂ ಕಾಯಿಲೆ ಬಂದ್ರೆ ಯಾವಾಗ ಬೇಕಾದ್ರೂ ಕರೀಬಹುದು."

"ಬರಿಸ್ಕೊಳ್ಳೋದು ಹೇಗೆ?"

ನರ್ಸಮ್ಮ ನಕ್ಕರು. ಆಮೇಲೆ ಧ್ವನಿ ತಗ್ಗಿಸಿ, "ಅಮ್ಮನ ಫೈಲು ಮುಚ್ಚಬೇಕು ಮಾಸ್ಟರ್. ಮಗಳು ತಾರೀಖು ಕೊಟ್ಟಿದ್ದಾರೆ. ಆದ್ರೆ ನೀವು ಹೇಳೋವರೆಗೂ ಬರೆಯೋದು ಬೇಡ ಅಂತ ಖಾಲಿ ಬಿಟ್ಟಿದ್ದೀನಿ. ಯಾವತ್ತು?" ಎಂದರು.

ಮಾಸ್ಟರು ಮೇಜಿನ ಮೇಲಿನ ದಾರದ ತುಂಡುಗಳನ್ನು ಒಟ್ಟುಮಾಡಿದರು. ಫೋನನ್ನು ಎತ್ತಿ, ಎರಡು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ತಮ್ಮ ಮುಖಕ್ಕೆ ಹಿಡಿದರು.

"ಶುಕ್ರವಾರ. ಮಧ್ಯಾಹ್ನ. ಎಷ್ಟು ಹೊತ್ತಿಗೆ ಅಂತ ಸರಿಯಾಗಿ ಗೊತ್ತಿಲ್ಲ ಸಿಸ್ಟರ್. ನಾನು ಆಮೇಲೆ ಎರಡು ಗುಂಡಿ ಹೊಲಿದೆ."

ಸಂಜೆ ಮಗಳು ಬಂದವಳೇ ತಟ್ಟೆಯ ಎಡಗಡೆಗೆ ಉಪ್ಪಿನ ಡಬ್ಬಿ ಇಟ್ಟಳು. ನರ್ಸಮ್ಮ ಫೋನು ಮಾಡಿರಬೇಕು. ಕಣ್ಣು ಕೆಂಪಾಗಿತ್ತು, ಅಪ್ಪನ ಕ್ಷೌರದ ಕೈ ನೋಡಿ ನಗುವನ್ನೂ ತಡೆದುಕೊಂಡಿದ್ದಳು. ಮಾಸ್ಟರು ಹಳೆಯ ಅಭ್ಯಾಸದಂತೆ ಒಂದು ಚಿಟಿಕೆ ಹಾಕಿ ಬಾಯಿಗಿಟ್ಟರು. ಮುಖ ಕಿವುಚಿಕೊಂಡರು.

"ಏನಮ್ಮಾ ಇದು, ಬರೀ ಉಪ್ಪು!"

"ನೀನೇ ಹಾಕ್ಕೊಂಡಿದ್ದು."

ಎಪ್ಪತ್ತಮೂರು ವರ್ಷದ ಪ್ರೀತಿ ಹನ್ನೊಂದು ವಾರದಲ್ಲಿ ಕೈಕೊಟ್ಟಿತ್ತು. ಮಾಸ್ಟರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮಮ್ಮನಿಗೂ ಹೀಗೇ ಅಭ್ಯಾಸ ಆಗಿರ್ಬೇಕು, ಅಲ್ವಾ? ನಾನು ಎದುರಿಗೆ ಕೂತು ಚಪ್ಪರಿಸಿಕೊಂಡು ತಿಂತಿದ್ದೆ. ಜೊತೆಗೊಂದು ದಿನ ತಿನ್ಲಿಲ್ಲ."

ಮಗಳು ಡಬ್ಬಿಯ ಮುಚ್ಚಳ ಮುಚ್ಚಿದಳು. "ಹೇಳಬಾರದು ಅಂದಿದ್ಲು. ಈಗ ಹೇಳಿದ್ರೆ ಬೈಯೋದಿಲ್ಲ. ಅಮ್ಮನಿಗೆ ಕೊನೆವರೆಗೂ ಅಭ್ಯಾಸ ಆಗ್ಲಿಲ್ಲ ಅಪ್ಪಾ. ನೀನು ಕೈ ತೊಳೆಯೋಕೆ ಎದ್ದು ಹೋದಾಗ ನಿನ್ನ ಪಾತ್ರೆಯಿಂದ ಒಂದು ಚಮಚ ತಿಂತಿದ್ಲು. ದಿನಾ."

"ದಿನಾನಾ?"

"ದಿನಾ. ಒಂದೇ ಒಂದು ಚಮಚ. ಒಂದ್ಸಲ ನೀನು ಇಲ್ದಾಗ ಸಿಸ್ಟರಿಗೂ ಹೇಳ್ಬಿಟ್ಟಿದ್ಲು. ಒಂದು ಚಮಚಕ್ಕೇನೂ ಆಗಲ್ಲ, ಮಾಸ್ಟರಿಗೆ ಮಾತ್ರ ಹೇಳ್ಬೇಡಿ ಅಂದಿದ್ರಂತೆ."

ಎರಡು ವರ್ಷ ತಮ್ಮ ಊಟದಲ್ಲಿ ದಿನಕ್ಕೊಂದು ಚಮಚ ಕಡಿಮೆಯಾದದ್ದು ಅರ್ಧ ಇಂಚಿನ ಅಳತೆಗಾರನಿಗೆ ತಿಳಿದೇ ಇರಲಿಲ್ಲ. ಮಾಸ್ಟರು ನಗಲು ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಮಗಳು ನೀರು ಕೊಟ್ಟು ಬೆನ್ನು ಸವರಿದಳು.

ಮಾರನೆಯ ದಿನದಿಂದ ಆ ಮನೆಯ ಒಲೆಯ ಮೇಲೆ ಮತ್ತೆ ಎರಡು ಪಾತ್ರೆಗಳು. ಸಪ್ಪೆಯದು ಮಾಸ್ಟರ ತಟ್ಟೆಗೆ, ಉಪ್ಪಿನದು ಮಗಳಿಗೆ. ಊಟ ಮುಗಿಯುತ್ತ ಬಂದಾಗ ಮಗಳು ಕೈ ತೊಳೆಯಲು ಎದ್ದು ಹೋಗುತ್ತಾಳೆ, ಬೇಕೆಂದೇ ಸ್ವಲ್ಪ ನಿಧಾನವಾಗಿ. ಆಗ ಮಾಸ್ಟರು ಆಚೆ ಈಚೆ ನೋಡಿ, ಅವಳ ಪಾತ್ರೆಯಿಂದ ಒಂದೇ ಒಂದು ಚಮಚ ತಿನ್ನುತ್ತಾರೆ.